ಆಯಿಯ ಕಣ್ಣಿಗೆ ಒಪ್ಪಿದ ಗೋಡೆ

ನಾನು ಚಿಕ್ಕವಳಿದ್ದಾಗ ಬಸವಕಲ್ಯಾಣದ ನಮ್ಮ ಮನೆಗೆ ಗೊತ್ತಿದ್ದ ಬಣ್ಣ ಒಂದೇ, ಸುಣ್ಣ. ಅದಕ್ಕೆ ಚಿಟಿಕೆ ನೀಲಿ ಹಾಕಿ ಬಳಿದರೆ ಗೋಡೆ ಕಣ್ಣು ಕೋರೈಸುವಷ್ಟು ಬೆಳ್ಳಗಾಗುತ್ತಿತ್ತು. ಯಾರ ಮನೆ ಹೆಚ್ಚು ಹೊಳೆಯುತ್ತದೋ ಆ ಮನೆಯ ಹುಡುಗಿಯರು ಓಣಿಯಲ್ಲಿ ತಲೆ ಎತ್ತಿ ನಡೆಯುತ್ತಿದ್ದರು. ನಾನಂತೂ ತುಸು ಹೆಚ್ಚೇ ಎತ್ತುತ್ತಿದ್ದೆ.

ಆ ವರ್ಷ ಅಪ್ಪನ ತಾಯಿ, ನಮ್ಮ ಆಯಿ, ಹುಮನಾಬಾದಿನ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆಸಿಕೊಂಡಿದ್ದಳು. ಅದಕ್ಕೂ ಮೊದಲು ಎರಡು ವರ್ಷ ಅವಳು ನಮ್ಮನ್ನು ಕೆನ್ನೆ ಸವರಿಯೇ ಗುರುತು ಹಿಡಿಯುತ್ತಿದ್ದಳು. ಅವಳು ಬರುವಷ್ಟರಲ್ಲಿ ಮನೆ ಥಳಥಳಿಸಲಿ ಎಂದು ನಾನೂ ಅಕ್ಕನೂ ಪಡಸಾಲೆಗೆ ನೀಲಿ ಬೆರೆಸಿದ ಸುಣ್ಣ ಬಳಿದಿದ್ದೆವು. ಅಷ್ಟರಲ್ಲಿ ಅಪ್ಪ ಹುಮನಾಬಾದಿನಿಂದ ಬಂದು ಸಪ್ಪಗೆ ಕೂತ. ಪಟ್ಟಿ ಬಿಚ್ಚಿದರೂ ಆಯಿ ಕಣ್ಣು ತೆರೆಯಲೊಲ್ಲಳಂತೆ. ಶಿಬಿರದ ಬಿಳಿ ಗೋಡೆ ಚುಚ್ಚುತ್ತದೆ ಎಂದು ಮುಖಕ್ಕೆ ಸೆರಗು ಹೊದ್ದೇ ಕೂತಿರುತ್ತಾಳಂತೆ. ಮರುದಿನ ಸಂಜೆಯ ಬಸ್ಸಿಗೆ ಅವಳನ್ನು ಕರೆತರಬೇಕಿತ್ತು.

"ಇಲ್ಲೀ ಗ್ವಾಡೀನೂ ಹಂಗ ಚುಚ್ಚಿದ್ರ ಆಕಿ ಕಣ್ಣ ಬಿಡೂದ ಬಿಟ್ಬಿಡ್ತಾಳ," ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಅವಳು ಊರಾಚೆಯ ದಿಬ್ಬದಿಂದ ಬುಟ್ಟಿ ತುಂಬ ಕೆಮ್ಮಣ್ಣು ತಂದಳು. ಕುಟ್ಟಿ, ಹಳೆಯ ಧೋತರದಲ್ಲಿ ಸೋಸಿ, ಸುಣ್ಣದ ಗಡಿಗೆಗೆ ಸ್ವಲ್ಪ ಸ್ವಲ್ಪವೇ ಹಾಕಿ ಕಲಕಿದಳು. ಸುಣ್ಣದ ಘಾಟಿಗೆ ಹಸಿ ಮಣ್ಣಿನ ವಾಸನೆ ಬೆರೆಯಿತು. ಪುಂಡಿ ನಾರಿನ ಕುಂಚ ಅದ್ದಿ ಬಳಿದಾಗ ನೋಡಬೇಕಿತ್ತು, ನಮ್ಮ ಚಂದದ ಬಿಳಿ ಗೋಡೆ ಇಟ್ಟಂಗಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು! ನನಗೆ ಅಳುವೇ ಬಂತು. ಅಕ್ಕ ಬಳಿದು ಮುಗಿಸಿ ಕೈ ತೊಳೆಯಲು ಹೋದದ್ದೇ ತಡ, ಹಿಂದಿನ ದಿನ ಬೇರೆ ಗಡಿಗೆಯಲ್ಲಿ ಉಳಿದಿದ್ದ ನೀಲಿ ಬೆರೆಸಿದ ಸುಣ್ಣವನ್ನು ಕಿಟಕಿ ಪಕ್ಕದ ಗೋಡೆಗೆ, ನನ್ನ ಕೈ ನಿಲುಕುವಷ್ಟು ಎತ್ತರಕ್ಕೆ, ದಪ್ಪಗೆ ಬಳಿದುಬಿಟ್ಟೆ. ಅವಳು ಬಂದು ನೋಡಿದಳು. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ.

"ಒಣಗೂತನಕ ತಡೀಬೇಕಿತ್ತಲ್ಲ," ಎಂದಳು ಅಷ್ಟೇ. ಮತ್ತೆ ಬಳಿಯೋಣವೆಂದರೆ ಅವಳ ಗಡಿಗೆ ಬರಿದಾಗಿತ್ತು.

ಮಧ್ಯಾಹ್ನ ಬಾಗಿಲಿನಿಂದ ಬಿಸಿಲು ಒಳಗೆ ಬಂತು. ಗೋಡೆ ಒಣಗುತ್ತ ಬಂದಂತೆ ಮೇಲಂಚಿನಿಂದ ಕೆಂಪು ಮೆಲ್ಲಗೆ ತಿಳಿಯಾಗತೊಡಗಿತು. ಅದರ ಹಿಂದಿನಿಂದ ಬಂದ ಬಣ್ಣಕ್ಕೆ ಹೆಸರೇ ಇರಲಿಲ್ಲ. ಬಿಳಿಯಲ್ಲ, ಹಳದಿಯೂ ಅಲ್ಲ, ಕಾಸಿದ ಹಾಲಿನ ಕೆನೆಯ ಬಣ್ಣ. ಕಪ್ಪು ಕಂಬಗಳು, ಹಿತ್ತಾಳೆ ಕೊಡಗಳು, ಮೂಲೆಯ ಕಂಬಳಿ, ಎಲ್ಲಕ್ಕೂ ಅದು ಒಪ್ಪಿತು. ದಿನಾ ನೋಡಿದ ಅದೇ ಸಾಮಾನುಗಳನ್ನು ಮೊದಲ ಸಲ ನೋಡುತ್ತಿರುವಂತೆ ಬಾಯಿ ತೆರೆದು ಕೂತೆ. ಗೋಡೆಯೊಳಗೇ ಬೆಳಕು ಇದ್ದಂತಿತ್ತು. ನಾನು ಬಳಿದ ಪಟ್ಟೆ ಮಾತ್ರ ನೀಲಿ ಛಾಯೆಯ ಬಿಳುಪಿನಲ್ಲಿ ಕಣ್ಣು ಕುಕ್ಕುತ್ತ ಪರಕೀಯವಾಗಿ ನಿಂತಿತ್ತು.

ಸಂಜೆ ಅಪ್ಪ ಆಯಿಯನ್ನು ಕಂಬಳಿಯ ಮೇಲೆ ಕೂರಿಸಿ, ಶಿಬಿರದವರು ಕೊಟ್ಟ ದಪ್ಪ ಕನ್ನಡಕ ಹಾಕಿದ. ಅವಳು ಸೆರಗು ಸರಿಸಿ ಒಂದಿಷ್ಟೇ ಕಣ್ಣು ಬಿಟ್ಟಳು. ಎದುರಿಗೆ ಕಿಟಕಿ ಪಕ್ಕದ ನನ್ನ ಪಟ್ಟೆ. ನೀರು ಸುರಿದು ಕಣ್ಣು ಗಪ್ಪನೆ ಮುಚ್ಚಿದವು. ಅಕ್ಕ ಅವಳ ಭುಜ ಹಿಡಿದು ಈಚೆಯ ಕೆನೆಬಣ್ಣದ ಗೋಡೆಯತ್ತ ಮೆಲ್ಲಗೆ ತಿರುಗಿಸಿದಳು. ಎಷ್ಟೋ ಹೊತ್ತಿನ ಮೇಲೆ ರೆಪ್ಪೆ ಅಲುಗಿತು, ತೆರೆಯಿತು, ತೆರೆದೇ ಉಳಿಯಿತು. ಆಯಿ ಗೋಡೆ ನೋಡಿದಳು, ಕಂಬ ನೋಡಿದಳು, ಕೊನೆಗೆ ನನ್ನ ಕಡೆ ತಿರುಗಿದಳು.

"ನಿನ್ನ ಮುಂದಿನ ಹಲ್ಲ ಯಾವಾಗ ಬಿದ್ದಾವ?" ಎಂದಳು.

ಮೊಮ್ಮಕ್ಕಳೇ, ಈಗ ಹುಮನಾಬಾದಿನ ನಿಮ್ಮ ಹೊಸ ಮನೆಗೆ ಬಣ್ಣ ಆರಿಸಲು ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ಬಿಳಿಯಲ್ಲೇ ಲೆಕ್ಕವಿಲ್ಲದಷ್ಟು ಬಗೆ. ಮೊಬೈಲಿನಲ್ಲಿ ಬೆರಳಾಡಿಸಿದರೆ ಪರದೆಯ ಮೇಲೆ ಗೋಡೆಯ ಬಣ್ಣವೇ ಬದಲಾಗುತ್ತದೆ. ನಮಗೆ ಇದ್ದದ್ದು ಒಂದು ಬುಟ್ಟಿ ಮಣ್ಣು. ಆದರೂ ನೀವು ಗೋಡೆಯ ಮೇಲೆ ಮೂರು ಬಣ್ಣ ಹಚ್ಚಿ, ಒಣಗುವತನಕ ಕಾದು, ಮೊನ್ನೆ ಪೊರೆ ತೆಗೆಸಿಕೊಂಡು ಬಂದ ನನ್ನ ಕುರ್ಚಿಯನ್ನು ಎದುರಿಗೆ ಎಳೆದಿರಿ.

"ಆಯಿ, ನಿನ್ನ ಕಣ್ಣಿಗಿ ಯಾವುದು ತಂಪ ಆಗ್ತದ, ಅದ ಹಚ್ಚೋಣು," ಎಂದಳು ನಿಮ್ಮಲ್ಲಿ ದೊಡ್ಡವಳು.

ನಡುವಿನದು ಕೆನೆಯ ಬಣ್ಣದ್ದು. ಅದನ್ನೇ ನೋಡುತ್ತ ಕಣ್ಣು ಅರಳಿಸಿದೆ, ಆಮೇಲೆ ನಿಮ್ಮ ಕಡೆ ತಿರುಗಿದೆ. ಚಿಕ್ಕವನ ಮುಂದಿನ ಎರಡು ಹಲ್ಲು ಬಿದ್ದಿದ್ದವು.