ಚೂರಿ ಇಳಿಸಿದ ರೊಟ್ಟಿ

ನಾನೊಂದು ಕೊಲೆ ತಪ್ಪಿಸಿದ್ದೇನೆ, ಬರೀ ಬಾಯಲ್ಲಿ. ನೀವು ನಂಬುವುದಿಲ್ಲ, ಬೇಕಾದ್ರೆ ಪಂಥ ಕಟ್ಟುವ.

ನೆನಪಾದದ್ದು ಮೊಮ್ಮಗಳಿಂದ. ಕುವೈತಿನ ಮಂಗಫ್‌ನಲ್ಲಿ ಮಗನ ಫ್ಲ್ಯಾಟಿಗೆ ಬಂದು ಕೂತಿದ್ದೇನೆ. ಇವಳು ಪರೀಕ್ಷೆಗೆ ಸಮಾಜಶಾಸ್ತ್ರ ಬಾಯಿಪಾಠ ಮಾಡ್ತಾ ಇದ್ದಾಳೆ. "ಅಜ್ಜ, ಮರ್ಡರ್ ಮಾಡಿಸುವುದು ಸೊಸೈಟಿಯಂತೆ. ಕೆಲಸ ಇಲ್ಲ, ರೂಲ್ಸ್ ಇಲ್ಲ, ಮರ್ಯಾದೆ ಹೋಯ್ತು, ಮತ್ತೆ ಮರ್ಡರ್."

"ಇದನ್ನು ಬರೆದವರು ತೊಂಬತ್ತರಲ್ಲಿ ನಮ್ಮ ರೂಮಿಗೆ ಬಂದಿದ್ರಾ?" ಅಂದೆ.

ಬಂದಿದ್ರೆ ಪುಸ್ತಕಕ್ಕೆ ಒಂದು ಪಾಠ ಜಾಸ್ತಿ ಆಗ್ತಿತ್ತು. ಇರಾಕಿನ ಸೈನ್ಯ ನುಗ್ಗಿದ ಮೇಲೆ ಇದೇ ಮಂಗಫ್‌ನಲ್ಲಿ ಕಂಪೆನಿ ಬಸ್ ಇಲ್ಲ, ಕೆಲಸ ಇಲ್ಲ, ವೀಸಾ ಕೊಟ್ಟ ಧಣಿ, ಕಫೀಲ್, ಎಲ್ಲಿಗೆ ಓಡಿದನೋ ದೇವರಿಗೇ ಗೊತ್ತು. ಇಬ್ಬರ ರೂಮಲ್ಲಿ ಎಂಟೊಂಬತ್ತು ಗಂಡಸರು. ಸೆಖೆಯೋ ಸೆಖೆ. ಊರಿನ ಸೆಖೆ ಬೇಯಿಸ್ತದೆ, ಇಲ್ಲಿಯದ್ದು ಹುರೀತದೆ.

ಹೊಟೇಲಲ್ಲಿ ಅಡುಗೆಗಿದ್ದ ಸದಾನಂದಣ್ಣನ ಒಣಮೀನು ಒಂದು ಮಧ್ಯಾಹ್ನ ಕಾಣೆ. ಎಲ್ಲರ ಎದುರು ಅವರು ಆಫೀಸಿನ ಫೆಲಿಕ್ಸರಿಗೆ, ನಮ್ಮ ಬಾಯಲ್ಲಿ ಪೊರ್ಬುಗಳಿಗೆ, "ಟೈ ಕಟ್ಟಿದ ಕಳ್ಳ" ಅಂದ್ರು. "ಇನ್ನೊಮ್ಮೆ ಹೇಳು" ಅಂದ್ರು ಪೊರ್ಬುಗಳು. ಸದಾನಂದಣ್ಣ ಇನ್ನೊಮ್ಮೆ ಹೇಳಿದ್ರು. ನೋಡುವಾಗ ಇವರ ಕೈಯಲ್ಲಿ ಮೀನು ಕೊಯ್ಯುವ ಚೂರಿ, ಪೊರ್ಬುಗಳ ಕೈಯಲ್ಲಿ ಕುಕ್ಕರ್.

ಮೀನು ಯಾರು ತಿಂದದ್ದೋ, ಇವತ್ತಿಗೂ ಗೊತ್ತಿಲ್ಲ. ಮೀನಿಗಾಗಿ ಯಾರೂ ಕೊಲ್ಲುವುದಿಲ್ಲ ಬಿಡಿ. ನನ್ನ ತಲೆ ಓಡಿದ್ದು ಬೇರೆ ಕಡೆ. ಸುತ್ತ ನಿಂತವರೆಲ್ಲ "ಬಿಡಿ, ಬಿಡಿ" ಅಂತಾರೆ, ಬಿಡಿಸುವವ ಒಬ್ಬನೂ ಇಲ್ಲ. ಚೂರಿ ಎತ್ತಿದ ಸದಾನಂದಣ್ಣ ಯಾರಾದ್ರೂ ಕೈ ಹಿಡೀತಾರಾ ಅಂತ ಸುತ್ತ ನೋಡ್ತಾ ಇದ್ದಾರೆ. ಇಷ್ಟು ಜನ ನೋಡ್ತಿರುವಾಗ ಎತ್ತಿದ ಚೂರಿ ಇಳಿಸ್ಲಿಕ್ಕೆ ಯಾವ ಗಂಡಸಿಗೆ ಆಗ್ತದೆ, ನೀವೇ ಹೇಳಿ.

ಕಿಟಕಿಗೆ ಹೋಗಿ ಬೊಬ್ಬೆ ಹಾಕಿದೆ. "ಬೇಕರಿ ತೆರೆದ್ರು, ಖುಬ್ಸ್ ಬಂತು, ಲೈನ್ ಇಲ್ಲ, ಯಲ್ಲಾ, ಓಡಿ."

ಖುಬ್ಸ್ ಅಂದ್ರೆ ಇಲ್ಲಿಯ ರೊಟ್ಟಿ, ಆಗ ನಮಗೆ ಬಂಗಾರ. ಕಣ್ಣು ಮುಚ್ಚಿ ಬಿಡುವುದರೊಳಗೆ ರೂಮು ಖಾಲಿ, ಉಳಿದದ್ದು ಅವರಿಬ್ಬರು ಮತ್ತೆ ನಾನು. ಒಬ್ಬನಂತೂ ಲುಂಗಿ ಕೈಯಲ್ಲಿ ಹಿಡ್ಕೊಂಡೇ ಓಡಿದ. ನೋಡುವವ ಒಬ್ಬನೂ ಇರಬಾರದು ಅಂತ ನಾನು ಗೋಡೆಗೆ ಮುಖ ಮಾಡಿ ಕೂತೆ. ಸ್ವಲ್ಪ ಹೊತ್ತಲ್ಲಿ ಹಿಂದಿನಿಂದ ಚೂರಿ, ಮತ್ತೆ ಕುಕ್ಕರ್ ಕೆಳಗಿಟ್ಟ ಶಬ್ದ.

"ಲೈನ್ ಇಲ್ಲ ಅಂತ ಸರಿ ನೋಡಿದ್ದೀಯಾ ಮಾರಾಯ?" ಸದಾನಂದಣ್ಣನ ಸ್ವರ.

"ಬೇಕರಿಗೆ ಬೀಗ ಉಂಟು," ಅಂದೆ.

ಓಡಿದವರು ವಾಪಸ್ ಬಂದು ನನಗೆ ಹೊಡೆದ್ರು. ಅಷ್ಟು ಒಳ್ಳೆ ಸನ್ಮಾನ ನನಗೆ ಆಮೇಲೆ ಯಾರೂ ಮಾಡ್ಲಿಲ್ಲ. ರಾತ್ರಿ ಸದಾನಂದಣ್ಣ, ಪೊರ್ಬುಗಳು ಒಂದೇ ಬಟ್ಟಲಲ್ಲಿ ಗಂಜಿ ಕುಡಿದ್ರು.

"ಸೋ ಸ್ವೀಟ್ ಅಜ್ಜ, ಇದನ್ನು ಎಕ್ಸಾಮಲ್ಲಿ ಬರೀಲಾ?" ಅಂತ ಮೊಮ್ಮಗಳು ಪೆನ್ನು ತೆಗೆದಳು. ಇಷ್ಟು ವರ್ಷ ಎಲ್ಲರಿಗೂ ಹೀಗೇ ಹೇಳಿದವ, ಪೆನ್ನು ಕಂಡು ನಿಜ ಹೇಳಿಬಿಟ್ಟೆ.

ಆ ಒಂದೇ ಬಟ್ಟಲ ಗಂಜಿ ಕಥೆಗೆ ನಾನು ಸೇರಿಸಿದ್ದು. ಅವರು ಮತ್ತೆ ಮಾತಾಡ್ಲೇ ಇಲ್ಲ. ಊರಿನ ವಿಮಾನ ಹಿಡೀಲಿಕ್ಕೆ ಜೋರ್ಡಾನಿಗೆ ಹೊರಟ ಬಸ್ಸಲ್ಲಿ ಒಬ್ಬರು ಆ ಕಿಟಕಿ, ಒಬ್ಬರು ಈ ಕಿಟಕಿ. ನಡುವೆ ನಾನು, ಒಬ್ಬರು ಮಲಗಿ ಇನ್ನೊಬ್ಬರು ಎಚ್ಚರ ಇದ್ರೆ ಕಷ್ಟ ಅಂತ ದಾರಿಯುದ್ದಕ್ಕೂ ಆಚೆ ಈಚೆ ತಿರುಗಿ, ಇಬ್ಬರದ್ದೂ ಗೊರಕೆ ಕೇಳ್ತದಾ ಅಂತ ನೋಡ್ತಾ.