ಆಚೆ ಕಡೆಯಿಂದ ಬಂದ ಅತಿಥಿ

ಸೊನ್ನೆಬರ್ಗಿನ ಅನೆರೋಸೆ ಬಟ್ಟೆಯ ಕರಡಿಗಳಿಗೆ ಬಾಯಿ ಹೊಲಿದೇ ಮುದುಕಿಯಾದವಳು. ದಾರ ಕೂದಲೆಳೆಯಷ್ಟು ಮೇಲೆ ಹೋದರೆ ಕರಡಿ ನಗುತ್ತದೆ, ಕೆಳಗಿಳಿದರೆ ಮುನಿಸಿಕೊಳ್ಳುತ್ತದೆ. ಈ ವಿದ್ಯೆಯನ್ನು ಅವಳು ಕಲಿತದ್ದು ತನ್ನೂರಿನ ಗೊಂಬೆ ಕಾರ್ಖಾನೆಯಲ್ಲಿ. ಗಂಡ ಲೋಥಾರ್ ಗಂಟುಬಿದ್ದದ್ದೂ ಅಲ್ಲೇ. ಆಮೇಲೆ ಗೋಡೆ ಬಿತ್ತು, ಪೂರ್ವ, ಪಶ್ಚಿಮ ಎರಡೂ ಜರ್ಮನಿ ಒಂದಾದವು, ಊರೆಲ್ಲ ಪಟಾಕಿ ಹೊಡೆಯಿತು. ಮಾರನೆಯ ವರ್ಷ ಕಾರ್ಖಾನೆಗೆ ಬೀಗ ಬಿತ್ತು. ಅದಕ್ಕೆ ಮಾತ್ರ ಯಾರೂ ಪಟಾಕಿ ಹೊಡೆಯಲಿಲ್ಲ.

ಹೊಟ್ಟೆಪಾಡು ಕೇಳಬೇಕಲ್ಲ. ಗಡಿಯ ಮುಳ್ಳುಬೇಲಿ ಇದ್ದ ಜಾಗ ದಾಟಿ ಪಶ್ಚಿಮದ ನಾಯ್‌ಶ್ಟಾಟಿನ ಕಾರ್ಖಾನೆಗೆ ಸೇರಿಕೊಂಡಳು. ಕಾರಿನಲ್ಲಿ ಕಾಲು ಗಂಟೆಯ ದಾರಿ ಅಷ್ಟೆ. ಅಲ್ಲೂ ಅದೇ ಕರಡಿ, ಅದೇ ಸೂಜಿ. ಮೊದಲ ದಿನ ಬೆಳಿಗ್ಗೆ, ತನ್ನೂರಿನ ರೂಢಿಯಂತೆ, ಕೆಲಸಕ್ಕೆ ಕೂರುವ ಮುಂಚೆ ಎಲ್ಲರ ಬಳಿಗೂ ಹೋಗಿ ಕೈಕುಲುಕಿದಳು. ಸೊನ್ನೆಬರ್ಗಿನಲ್ಲಿ ಹಾಗೆ ಮಾಡದಿದ್ದರೆ ಏನೋ ಮುನಿಸು ಎಂದೇ ಅರ್ಥ. ಇಲ್ಲಿಯವರು ಸೂಜಿ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ಕಣ್ಣು ಕಣ್ಣು ಬಿಟ್ಟರು.

"ಏನಮ್ಮಾ, ಇವತ್ತು ನನ್ನ ಹುಟ್ಟಿದಬ್ಬಾನಾ? ನಂಗೇ ಗೊತ್ತಿಲ್ವಲ್ಲ!" ಎಂದಳು ಒಬ್ಬಳು.

"ಆಚೆ ಕಡೆಯವರು ಹಿಂಗೇ ಕಣೆ, ಬಂದಿದ್ದಕ್ಕೂ ಮೆರವಣಿಗೆ, ಹೋಗಿದ್ದಕ್ಕೂ ಮೆರವಣಿಗೆ," ಎಂದಳು ಇನ್ನೊಬ್ಬಳು.

ಆ ವಾರ ಮುಗಿಯುವುದರೊಳಗೆ ಅನೆರೋಸೆ ಕೈಗಳನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು ಒಳಗೆ ಬರುವುದನ್ನು ಕಲಿತಳು.

ಪಕ್ಕದ ಕುರ್ಚಿ ಗೆರ್ಲಿಂಡೆಯದು. ಕೆಟ್ಟವಳಲ್ಲ. ಅನೆರೋಸೆಗೆ ಜ್ವರ ಬಂದರೆ ಅವಳ ಪಾಲಿನ ಕರಡಿಗಳನ್ನೂ ತಾನೇ ಮುಗಿಸುತ್ತಿದ್ದಳು. ಆದರೆ ಬಾಯಿ ತೆರೆದರೆ "ನಿಮ್ಮ ಕಡೆ", "ನಮ್ಮ ಕಡೆ".

"ನಿಮ್ಮ ಕಡೆ ರಸ್ತೆ ಎಲ್ಲಾ ಹೊಸದಂತೆ. ನಮ್ಮ ತೆರಿಗೇಲಿ."

"ಆ ತೆರಿಗೆ ನಾವೂ ಕಟ್ತೀವಿ ಕಣೆ."

"ಹೌದಾ?" ಎನ್ನುತ್ತಿದ್ದಳು ಗೆರ್ಲಿಂಡೆ. ಮುಂದಿನ ವರ್ಷ ಮತ್ತೆ ಅದೇ ಮಾತು, ಅದೇ "ಹೌದಾ?". ಎಷ್ಟು ಸಲ ಅಂತ ಹೇಳುವುದು? ಅನೆರೋಸೆ ಹೇಳುವುದನ್ನೇ ಬಿಟ್ಟಳು. ಊಟದ ಹೊತ್ತಿನಲ್ಲಿ ಅವಳಂತೆ ಆಚೆಯಿಂದ ಬಂದವರು ಕಿಟಕಿಯ ಬಳಿ ತಮ್ಮ ಬುತ್ತಿ ಬಿಚ್ಚುತ್ತಿದ್ದರು, ಈಚೆಯವರು ಕ್ಯಾಂಟೀನಿಗೆ ಹೋಗುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಗೆರ್ಲಿಂಡೆ ರಜೆ ಬಂದರೆ ಸ್ಪೇನಿನ ಕಡಲತೀರಕ್ಕೆ ಹಾರುತ್ತಿದ್ದಳು. ಕಾಲು ಗಂಟೆಯ ದಾರಿಯ ಸೊನ್ನೆಬರ್ಗನ್ನು ಒಮ್ಮೆಯೂ ನೋಡಿರಲಿಲ್ಲ.

ನಿವೃತ್ತಿಯ ದಿನ ಅನೆರೋಸೆ ತನ್ನ ಸಾಲಿನಲ್ಲಿ ಕೂತು ಹೊಲಿಯುವವರನ್ನೆಲ್ಲ ಕರೆದಳು. "ನಾಳೆ ಶನಿವಾರ, ಮಧ್ಯಾಹ್ನದ ಕಾಫಿಗೆ ನಮ್ಮನೇಗೆ ಬನ್ನಿ." ಅವಳಿಗೆ ಬೇಕಾಗಿದ್ದು ಇಷ್ಟೇ: ಇಷ್ಟು ವರ್ಷ ಅವರ ಮನೆಯಂಗಳದಲ್ಲಿ ದುಡಿದ ಹಾಗೆ ಇದ್ದವಳು, ಒಂದು ಸಲವಾದರೂ ಮನೆಯೊಡತಿಯಾಗಿ ನಿಂತು ಬಡಿಸಬೇಕು, ಅವರು ಅತಿಥಿಗಳಾಗಿ ಕೂತು ಉಣ್ಣಬೇಕು.

"ಬರೋರಲ್ಲ ಅವ್ರು. ಸುಮ್ನೆ ಯಾಕೆ ಹಿಟ್ಟು ದಂಡ ಮಾಡ್ತೀಯ?" ಎಂದ ಲೋಥಾರ್. ಅವನ ಮಾತಿಗೆ ಸೊಪ್ಪು ಹಾಕದೆ ಅವಳು ರಾತ್ರಿಯೇ ಗಸಗಸೆ ನೆನೆಸಿಟ್ಟಳು. ಬೆಳಿಗ್ಗೆಯಿಂದ ನಿಂತು ದೊಡ್ಡ ತಟ್ಟೆಯ ತುಂಬ ಗಸಗಸೆ ಕೇಕು ಬೇಯಿಸಿದಳು. ಒಬ್ಬಳಿಗೆ ಮೊಮ್ಮಗನ ಕಾಟ, ಒಬ್ಬಳಿಗೆ ಸೊಂಟನೋವು, ಉಳಿದವರಿಗೆ ಇನ್ನೇನೋ. ಬಂದವಳು ಗೆರ್ಲಿಂಡೆ ಒಬ್ಬಳೇ.

ಬಂದಳಲ್ಲ, ಅಷ್ಟಕ್ಕೇ ಅನೆರೋಸೆಗೆ ಎದೆ ತುಂಬಿ ಬಂತು. ಕಾಫಿ ಬಗ್ಗಿಸಿದಳು, ಕೇಕು ಹಾಕಿದಳು. ಗೆರ್ಲಿಂಡೆ ಪರದೆ ನೋಡಿದಳು, ಅಡುಗೆಮನೆ ನೋಡಿದಳು, "ನಮ್ಮನೆ ಥರಾನೇ ಇದೆ!" ಎಂದಳು. ಆಮೇಲೆ ಚೀಲಕ್ಕೆ ಕೈಹಾಕಿ ಒಂದೊಂದೇ ತೆಗೆದಿಟ್ಟಳು: ಕಾಫಿಪುಡಿಯ ಪೊಟ್ಟಣ, ಚಾಕೊಲೇಟು, ಘಮಘಮ ಸೋಪು.

ಲೋಥಾರ್ ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತ.

ಬೇಲಿಯಿದ್ದ ಕಾಲದಲ್ಲಿ ಪ್ರತಿ ಕ್ರಿಸ್‌ಮಸ್ಸಿಗೂ ನ್ಯೂರ್ನ್‌ಬರ್ಗಿನ ಚಿಕ್ಕಮ್ಮ ಪಶ್ಚಿಮದಿಂದ ಕಳಿಸುತ್ತಿದ್ದ ಪೆಟ್ಟಿಗೆಯಲ್ಲಿ ಇದ್ದದ್ದೂ ಆಗ ಇಲ್ಲಿ ಸಿಗುವುದೇ ದುರ್ಲಭವಾಗಿದ್ದ ಇವೇ ಮೂರು. ಚಾಕೊಲೇಟು ಮುಟ್ಟುವ ಮುಂಚೆ ಅಮ್ಮ ಪುಟ್ಟ ಅನೆರೋಸೆಯನ್ನು ಕೂರಿಸಿ, ಚಿಕ್ಕಮ್ಮನ ಉಪಕಾರವನ್ನು ಹೊಗಳಿ ಪತ್ರ ಬರೆಸುತ್ತಿದ್ದಳು. ಬೇಲಿ ಹೋಗಿ ಕಾಲು ಶತಮಾನವೇ ಕಳೆದಿದೆ. ಬೀದಿಯ ಮೂಲೆಯ ಅಂಗಡಿಯಲ್ಲಿ ಇದೇ ಪೊಟ್ಟಣ ಸಾಲುಸಾಲಾಗಿ ಕೂತಿದೆ.

"ತುಂಬಾ ಉಪಕಾರ ಆಯ್ತು," ಎಂದುಬಿಟ್ಟಿತು ಅವಳ ಬಾಯಿ, ತಾನಾಗಿಯೇ. ತನ್ನ ದನಿ ಕೇಳಿ ತನಗೇ ಮೈ ಉರಿಯಿತು.

"ಗೆರ್ಲಿಂಡೆ, ಇಲ್ಲೂ ಕಾಫಿ ಸಿಗತ್ತೆ ಕಣೆ. ನೀನೀಗ ಕುಡೀತಿರೋದು ಮತ್ತೇನು?"

ಗೆರ್ಲಿಂಡೆ ಕತ್ತಿನವರೆಗೂ ಕೆಂಪಾದಳು. "ಆಚೆ ಕಡೆ ಬರಿಗೈಲಿ ಹೋಗ್ಬಾರ್ದು ಅಂತ ನಮ್ಮಮ್ಮ..."

"ಯಾವ ಕಾಲದ ಮಾತೇ ಅದು?"

"ನಿನ್ನ ಚುಚ್ಚೋಕೆ ತಂದಿದ್ದಲ್ಲ, ಅನೆರೋಸೆ. ಅಂಗಡೀಲಿ ಸುಮಾರು ಹೊತ್ತು ನಿಂತೆ. ಇವಳಿಗೇನು ಇಷ್ಟ, ಏನು ಇಷ್ಟ ಅಂತ ಯೋಚಿಸ್ದೆ. ಒಂದೂ ಹೊಳೀಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೂ, ನಂಗೆ ಗೊತ್ತೇ ಇಲ್ಲ ಕಣೆ. ಕೈ ಹೋಗಿದ್ದು ಇದಕ್ಕೇ."

ಅನೆರೋಸೆಯ ನಾಲಿಗೆಯ ತುದಿಯಲ್ಲಿ ಒಳ್ಳೆಯ ಖಾರದ ಉತ್ತರವೇ ಇತ್ತು. ಅಷ್ಟರಲ್ಲಿ ಅವಳ ಕಣ್ಣು ಗೆರ್ಲಿಂಡೆಯ ತಟ್ಟೆಯ ಮೇಲೆ ಬಿತ್ತು. ಕೇಕು ಹಾಕಿದ್ದು ಹಾಕಿದಂತೆಯೇ ಇತ್ತು.

"ಯಾಕೆ, ಚೆನ್ನಾಗಿಲ್ವಾ?"

"ಗಸಗಸೆ ಮೈಗೆ ಆಗಲ್ಲ. ಚಿಕ್ಕಂದಿನಿಂದ್ಲೂ."

ಇವಳಿಗೇನು ಇಷ್ಟ ಎಂದು ತಾನೂ ಒಂದು ದಿನ ಕೇಳಿದವಳಲ್ಲ. ಅನೆರೋಸೆಗೆ ಕೋಪ ಇಳಿದು ಬರೀ ಸುಸ್ತು ಉಳಿಯಿತು.

"ಬ್ರೆಡ್ಡು ಬೆಣ್ಣೆ ಕೊಡ್ಲಾ?"

"ಕೊಡು. ಹಸಿವಾಗಿದೆ."

ಅನೆರೋಸೆ ಎರಡು ಹೋಳಿಗೆ ಬೆಣ್ಣೆ ಸವರಿದಳು. ಉಪ್ಪು ಬೇಕೇ ಎಂದು ಕೇಳಿದಳು, ಸ್ವಲ್ಪ ಎಂದಳು ಗೆರ್ಲಿಂಡೆ. ಎರಡನ್ನೂ ತಿಂದು ಮುಗಿಸಿದಳು. ಒಬ್ಬರನ್ನೊಬ್ಬರು ಕೇಳುವುದು ಇನ್ನೂ ಬೆಟ್ಟದಷ್ಟಿತ್ತು. ಆದರೆ ಸೋಮವಾರದಿಂದ ಗೆರ್ಲಿಂಡೆಯ ಪಕ್ಕ, ಅನೆರೋಸೆಯ ಕುರ್ಚಿಯಲ್ಲಿ ಬೇರೆ ಯಾರೋ ಕೂರುವವರಿದ್ದರು.