ಆರ್ಮಂಡ್ ಪೆಲ್ಕಿಯ ಕೊನೆಯ ಮತ

ನಾಲ್ಕು ವರ್ಷಕ್ಕೊಮ್ಮೆ, ಅಮೆರಿಕದ ಅಧ್ಯಕ್ಷರಾಗುವ ಹುಚ್ಚು ಹತ್ತಿದವರೆಲ್ಲ ನಮ್ಮ ನ್ಯೂ ಹ್ಯಾಂಪ್‌ಷೈರಿನ ಹಿಮ ತುಳಿಯಲು ಬರುತ್ತಾರೆ. ಪಕ್ಷದ ಟಿಕೆಟ್ ಯಾರಿಗೆ ಎಂದು ಜನರೇ ಮತ ಹಾಕಿ ತೀರ್ಮಾನಿಸುವ ಪ್ರೈಮರಿ ಮೊದಲು ನಡೆಯುವುದು ನಮ್ಮಲ್ಲೇ. ಹಾಗೆ ಬಂದವರು ಹಾರ್ಲೋ ಮಿಲ್ಸ್ ಊರಿನ ನನ್ನ ಅಂಗಡಿಗೂ ನುಗ್ಗಿ, ಕಾಫಿ ಕುಡಿದು, ಕಂಡವರ ಕೈಯೆಲ್ಲ ಕುಲುಕುತ್ತಾರೆ. ಅಂಗಡಿಯ ಒಲೆಯ ಪಕ್ಕದ ಕುರ್ಚಿಯಲ್ಲಿ ಆರ್ಮಂಡ್ ಪೆಲ್ಕಿ ಅವರಿಗಾಗಿಯೇ ಕಾದು ಕೂತಿರುತ್ತಿದ್ದ. ಕಾಗದದ ಕಾರ್ಖಾನೆಯಲ್ಲಿ ಮೈ ಸವೆಸಿ ನಿವೃತ್ತನಾದವನು. ಟಿವಿಯಲ್ಲಿ ಟೈ ಕಟ್ಟಿಕೊಂಡು ಭವಿಷ್ಯ ನುಡಿಯುವ ಪಂಡಿತರ ಮೇಲೆ ನನಗೆ ಕವಡೆ ಕಾಸಿನ ನಂಬಿಕೆಯಿಲ್ಲ; ಆರ್ಮಂಡನ ಮಾತು ಕೇಳಲು ಮಾತ್ರ ಗಿರಾಕಿಯನ್ನೂ ಕಾಯಿಸಿದ್ದೇನೆ.

“ಆ ಸೆನೆಟರ್ ನನ್ನ ಕೈ ಹಿಡ್ಕೊಂಡು ನನ್ನ ಹಿಂದೆ ನಿಂತೋನ್ನ ನೋಡ್ತಿದ್ದ. ನಾಳೆ ಕುರ್ಚಿ ಸಿಕ್ರೂ ಅಷ್ಟೇ,” ಎನ್ನುತ್ತಿದ್ದ. ಒಬ್ಬ ಗವರ್ನರ್ ಕ್ಯಾಮೆರಾ ಮುಂದೆ ಡೋನಟ್ ಕಚ್ಚಿ, ಕ್ಯಾಮೆರಾ ಅತ್ತ ಹೋದದ್ದೇ ಕಸದ ಬುಟ್ಟಿಗೆ ಹಾಕಿದ. “ಡೋನಟ್ ಗತಿಯೇ ಹೀಗಾದ್ರೆ ನಮ್ಮ ಪಿಂಚಣಿ ಗತಿ ಏನಪ್ಪಾ!” ಎಂದ ಆರ್ಮಂಡ್. ಈ ಸಲ, ನಮಗಿಂತ ಮೊದಲು ಪಕ್ಷದ ಸಭೆಗಳಲ್ಲಿ ಅಭ್ಯರ್ಥಿಯನ್ನು ಆರಿಸುವ ಅಯೋವಾ ರಾಜ್ಯದ ಫಲಿತಾಂಶ ಬಂದಾಗ, “ಅಲ್ಲಿ ಗೆದ್ದೋನು ಆಗ್ಲೇ ಅಧ್ಯಕ್ಷ ಆದೋನ ಥರ ನಡೀತಾನೆ. ನಮ್ಮೂರ ಹಿಮದಲ್ಲಿ ಜಾರ್ತಾನೆ ಬಿಡು,” ಎಂದ.

ತನ್ನ ಮತ ಯಾರಿಗೆಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಪ್ರೈಮರಿಯ ಮಾರನೆಯ ಬೆಳಿಗ್ಗೆ, ತಿಂಡಿಯ ಹೊತ್ತಿಗೆ, ಹೆಂಡತಿ ಕೊರಿನ್ ಒಬ್ಬಳಿಗೇ ಹೇಳುತ್ತಿದ್ದ. ಅವಳು “ಅಯ್ಯೋ, ಅವನಿಗಾ?” ಎಂದು ತಲೆ ಚಚ್ಚಿಕೊಳ್ಳಬೇಕು, ಅವನು ಹೊಟ್ಟೆ ಹಿಡಿದು ನಗಬೇಕು. ಅವರಿಬ್ಬರಿಗೆ ಅದೇ ಹಬ್ಬ.

ಒಂದು ಮಾತಿಗೆ ಅವನ ಪಿತ್ತ ನೆತ್ತಿಗೇರುತ್ತಿತ್ತು. ಚುನಾವಣೆಯಲ್ಲಿ ಸತ್ತವರೂ ಮತ ಹಾಕುತ್ತಾರೆಂದು ಕೆಲವರು ಗುಲ್ಲೆಬ್ಬಿಸಿದ್ದರು. ಪೆಟ್ರೋಲ್ ಬಂಕಿನ ರಸ್ ಕೂಡ ಅಂಗಡಿಯಲ್ಲಿ ಅದನ್ನೇ ಊದಿದಾಗ ಆರ್ಮಂಡ್ ಎದ್ದು ನಿಂತ. “ನಮ್ಮೂರಲ್ಲಿ ಸತ್ತೋನೊಬ್ಬ ಮತ ಹಾಕಿದ್ದು ತೋರ್ಸೋ, ನನ್ನ ಟ್ರಕ್ ನಿನ್ಹೆಸರಿಗೆ ಬರ್ಕೊಡ್ತೀನಿ. ಮತಗಟ್ಟೇಲಿ ಮತದಾರರ ಪಟ್ಟಿ ಹಿಡ್ಕೊಂಡು ಕೂರೋಳು ನನ್ನ ಹೆಂಡ್ತಿ ಕಣೋ!”

ಜನವರಿಯಲ್ಲಿ ಅವನ ಶ್ವಾಸಕೋಶ ಕೈಕೊಟ್ಟಿತು. ಬೆಚ್ಚಗಿರಲೆಂದು ಮಂಚವನ್ನು ಅಡುಗೆಮನೆಗೇ ತಂದು ಹಾಕಿದರು. ಅಂಚೆ ಮತಪತ್ರ ತರಿಸಿಕೊಂಡು, ಕೊರಿನ್‌ಳನ್ನು ಆಚೆ ಕಳಿಸಿ, ಗುರುತು ಹಾಕಿ, ಲಕೋಟೆಯನ್ನು ತಾನೇ ಅಂಟಿಸಿದ. “ಇದು ಎಣಿಕೆ ಆಗ್ಲೇಬೇಕು ಕಣೇ, ಕೊನೇದು. ಯಾರಿಗೆ ಅಂತ ಬುಧವಾರ ಬೆಳಿಗ್ಗೆ ಹೇಳ್ತೀನಿ,” ಎಂದ. ಪ್ರೈಮರಿ ಮಂಗಳವಾರವಿತ್ತು. ಅವನು ಅದರ ಹಿಂದಿನ ಶುಕ್ರವಾರವೇ ತೀರಿಕೊಂಡ. ನೆಲ ಹೆಪ್ಪುಗಟ್ಟಿ ಗುದ್ದಲಿ ಇಳಿಯುತ್ತಿರಲಿಲ್ಲ. ಚಳಿಗಾಲದಲ್ಲಿ ಸತ್ತವರು ನಮ್ಮಲ್ಲಿ ಸ್ಮಶಾನದ ಕಲ್ಲುಮನೆಯಲ್ಲಿ ವಸಂತದವರೆಗೆ ಕಾಯಬೇಕು. ಅವನನ್ನೂ ಅಲ್ಲೇ ಇಟ್ಟೆವು.

ಮಂಗಳವಾರ ಕೊರಿನ್ ಎಂದಿನಂತೆ ಮತಗಟ್ಟೆಗೆ ಬಂದು ಕೂತಳು. “ಮನೇಲಿ ಕೂತು ಏನ್ ಮಾಡ್ಲಿ?” ಎಂದಳು. ಮಧ್ಯಾಹ್ನ ಅಂಚೆ ಮತಗಳ ಸರದಿ. ಚುನಾವಣಾಧಿಕಾರಿ ಒಂದೊಂದೇ ಲಕೋಟೆ ಎತ್ತಿ ಹೆಸರು ಕೂಗಬೇಕು. ಯಾರೂ ಆಕ್ಷೇಪಿಸದಿದ್ದರೆ ಒಡೆದು, ಮತವನ್ನು ಪೆಟ್ಟಿಗೆಗೆ ಹಾಕಬೇಕು. ಮತ ಕಳಿಸಿದವರು ಅಷ್ಟರೊಳಗೆ ಸತ್ತಿದ್ದರೆ ಆ ಮತ ಸಲ್ಲದು. ಆದರೆ ಆಕ್ಷೇಪಿಸುವವರು ಯಾರು? ಅಧಿಕಾರಿ ವಿನ್ಸ್‌ಲೋನೇ ಆರ್ಮಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಗೆಳೆಯ.

“ಆರ್ಮಂಡ್ ಪೆಲ್ಕಿ,” ಎಂದು ಅವನು ಕೂಗಿದ. ಹಾಲ್ ತುಂಬ ಜನ, ಒಬ್ಬರೂ ಆಕ್ಷೇಪ ಎತ್ತಲಿಲ್ಲ. ಬೇಗ ಒಡೆದು ಹಾಕೋ ಮಾರಾಯ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನ ಹೆಬ್ಬೆರಳು ಲಕೋಟೆಯ ಅಂಚಿಗೆ ಹೋಯಿತು.

“ತಡಿ,” ಎಂದು ಕೊರಿನ್ ಎದ್ದಳು. “ನನ್ನ ಆಕ್ಷೇಪ ಇದೆ.”

“ಬಿಡಮ್ಮ ಕೊರಿನ್,” ಎಂದವನು ಅದೇ ರಸ್. “ಒಂದು ಮತ ತಾನೆ? ನಾವ್ಯಾರೂ ಬಾಯ್ಬಿಡಲ್ಲ.”

“ನೀನು ಹೇಳ್ತೀಯೇನೋ ಇದನ್ನ? ನಿನ್ನ ಮುಂದೆ ಟ್ರಕ್ ಪಣ ಇಟ್ಟಿದ್ನಲ್ಲೋ ಅವನು! ಅವನ ಮಾತನ್ನ ನಾನೇ ಸುಳ್ಳು ಮಾಡ್ಲಾ?”

“ಕಾರಣ ಹೇಳ್ಬೇಕಮ್ಮ,” ಎಂದ ವಿನ್ಸ್‌ಲೋ, ಮೆಲ್ಲಗೆ. ನಿಯಮ ಹಾಗೇ ಇದೆ. ಆದರೂ ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಶುಕ್ರವಾರದಿಂದ ಅವಳು ಗಂಡ ‘ಹೋದ’ ಎನ್ನುತ್ತಿದ್ದಳು, ‘ಇಲ್ಲ’ ಎನ್ನುತ್ತಿದ್ದಳು; ಆ ಇನ್ನೊಂದು ಮಾತನ್ನು ಒಮ್ಮೆಯೂ ಆಡಿರಲಿಲ್ಲ.

“ಮತದಾರ ಸತ್ತಿದ್ದಾನೆ,” ಎಂದಳು.

ಕಾರಣವನ್ನು ಲಕೋಟೆಯ ಮೇಲೆ ಬರೆಯಲು ವಿನ್ಸ್‌ಲೋಗೆ ಕೈ ಬರಲಿಲ್ಲ. ಅವಳೇ ಪೆನ್ನು ಕಿತ್ತುಕೊಂಡು ಬರೆದಳು. ತಿರಸ್ಕರಿಸಿದ ಲಕೋಟೆಯನ್ನು ಯಾರೂ ಒಡೆಯುವಂತಿಲ್ಲ. ಅವನ ಮತ ಯಾರಿಗೆಂಬುದೂ ಅದರೊಳಗೇ ಸೀಲಾಗಿ ಹೋಯಿತು.

ಬುಧವಾರ ಬೆಳಿಗ್ಗೆ ಬ್ರೆಡ್ಡು ಹಿಡಿದು ಅವರ ಮನೆಗೆ ಹೋದೆ. ಮಂಚ ಇನ್ನೂ ಅಡುಗೆಮನೆಯಲ್ಲೇ ಇತ್ತು. ಒಬ್ಬೊಬ್ಬ ಅಭ್ಯರ್ಥಿಗೆ ಬಿದ್ದ ಮತ ಎಷ್ಟೆಂದು ರೇಡಿಯೊ ಹೇಳುತ್ತಿತ್ತು. ಕೊರಿನ್ ನನ್ನನ್ನು ಗಮನಿಸಲಿಲ್ಲ.

“ಅಯ್ಯೋ, ಅವನಿಗಾ?” ಎಂದಳು ಮಂಚದ ಕಡೆ ತಿರುಗಿ. ತುಸು ಕಾದಳು. ಮುಂದಿನ ಹೆಸರು ಬಂತು. “ಅಯ್ಯೋ, ಅವನಿಗಾ?” ಎಂದು ಮತ್ತೆ ಕಾದಳು.